ತಡವಾಗಿ ಬರುವ ಬೆಳಗು

ಸಂಕ್ರಾಂತಿಯ ಮರುದಿನ ಹನುಮಂತನಗರದ ಬೀದಿಗಳಲ್ಲಿ ಕಬ್ಬಿನ ಸಿಪ್ಪೆ ಬಿದ್ದಿರುತ್ತದೆ. ಹಿಂದಿನ ಸಂಜೆ ಗವಿಪುರದ ಗಂಗಾಧರೇಶ್ವರನ ಗುಡಿಗೆ ನುಗ್ಗಿದ್ದ ಜನ ಕರಗಿರುತ್ತಾರೆ. ಊರಿಂದ ಬಂದ ನೆಂಟರು ರಾತ್ರಿ ಬಸ್ಸಿಗೇ ಹೊರಟುಹೋಗಿರುತ್ತಾರೆ. ಅವರು ಹೊದ್ದು ಬಿಟ್ಟ ರಗ್ಗು, ದುಪಟಿಗಳು ಕುರ್ಚಿಯ ಮೇಲೆ ಗುಡ್ಡೆಯಾಗಿವೆ. ಹತ್ತು ಮನೆಯಿಂದ ಬಂದ ಎಳ್ಳುಬೆಲ್ಲವನ್ನು ಒಂದೇ ಡಬ್ಬಿಗೆ ಸುರಿದಾಗಿದೆ. ಯಾರ ಮನೆಯವರು ಕೊಬ್ಬರಿ ಧಾರಾಳವಾಗಿ ಹಾಕಿದ್ದರು, ಯಾರು ಬರೀ ಪುಟಾಣಿ ತುಂಬಿದ್ದರು ಎಂಬ ತೀರ್ಪು ಇನ್ನು ಹೇಳುವಂತಿಲ್ಲ. ಗಡಿಯಾರ ಆರೂಕಾಲು ತೋರಿಸುತ್ತಿದೆ. ಹೊರಗೆ ಇನ್ನೂ ಕತ್ತಲು.

ನಿನ್ನೆ ತಾನೇ ಪುರೋಹಿತರು ಉತ್ತರಾಯಣ ಬಂತು ಎಂದರು. ಸೂರ್ಯ ಉತ್ತರಕ್ಕೆ ತಿರುಗಿದ, ಇನ್ನು ಹಗಲು ಬೆಳೆಯುತ್ತದೆ, ಚಳಿ ಇಳಿಯುತ್ತದೆ ಎಂದು ಮನೆಯ ಹಿರಿಯರೂ ತಲೆಯಾಡಿಸಿದರು. ಆದರೆ ಬೆಳಿಗ್ಗೆ ವಾಕಿಂಗ್ ಹೋಗುವವರನ್ನೊಮ್ಮೆ ಕೇಳಿ. ಡಿಸೆಂಬರ್ ಕೊನೆಗೆ ಇದ್ದದ್ದಕ್ಕಿಂತ ಈಗ ಬೆಳಕು ಇನ್ನೂ ತಡ ಎನ್ನುತ್ತಾರೆ. ಅವರ ಮಾತು ಸರಿ. ಬೆಂಗಳೂರಿನಲ್ಲಿ ಡಿಸೆಂಬರ್ 21ರಂದು, ಅಂದರೆ ವರ್ಷದ ಅತಿ ಚಿಕ್ಕ ಹಗಲಿನ ದಿನ, ಸೂರ್ಯ ಹುಟ್ಟುವುದು ಸುಮಾರು 6 ಗಂಟೆ 37 ನಿಮಿಷಕ್ಕೆ. ಜನವರಿ 15ಕ್ಕೆ ಅದು 6.46 ಆಗಿರುತ್ತದೆ. ಹಗಲು ಬೆಳೆಯತೊಡಗಿ ಮೂರು ವಾರ ಕಳೆದಿದೆ, ಸೂರ್ಯೋದಯ ಮಾತ್ರ ಒಂಬತ್ತು ನಿಮಿಷ ತಡವಾಗಿದೆ.

ಹಾಗಾದರೆ ಬೆಳೆದ ಹಗಲು ಎಲ್ಲಿ ಹೋಯಿತು? ಸಂಜೆಗೆ ಹೋಯಿತು. ಡಿಸೆಂಬರ್ 21ರಂದು 5.58ಕ್ಕೆ ಮುಳುಗುತ್ತಿದ್ದ ಸೂರ್ಯ ಜನವರಿ 15ಕ್ಕೆ 6.12ರವರೆಗೆ ಇರುತ್ತಾನೆ. ಸಂಜೆಗೆ ಹದಿನಾಲ್ಕು ನಿಮಿಷ ಲಾಭ, ಬೆಳಿಗ್ಗೆ ಒಂಬತ್ತು ನಿಮಿಷ ನಷ್ಟ. ಹಗಲಿಗೆ ನಿವ್ವಳ ಸಿಕ್ಕಿದ್ದು ಐದೇ ನಿಮಿಷ. ಶಾಲೆಯ ಪುಸ್ತಕದಲ್ಲಿ ಡಿಸೆಂಬರ್ 21ಕ್ಕೆ ಒಂದು ಗೆರೆ ಎಳೆದು ಇತ್ತ ಚಿಕ್ಕ ಹಗಲು, ಅತ್ತ ದೊಡ್ಡ ಹಗಲು ಎಂದು ಬರೆದು ಮುಗಿಸುತ್ತಾರೆ. ಹಗಲಿನ ಎರಡು ತುದಿಗಳು ಬೇರೆ ಬೇರೆ ದಿನ ತಿರುಗುತ್ತವೆ ಎಂಬುದನ್ನು ಹೇಳುವವರು ಕಡಿಮೆ. ಬೆಂಗಳೂರಿನ ಅತಿ ಬೇಗನೆಯ ಸೂರ್ಯಾಸ್ತ ನವೆಂಬರ್ ಇಪ್ಪತ್ತರ ಆಸುಪಾಸಿಗೆ, 5.50ರ ಹೊತ್ತಿಗೆ, ಆಗಿ ಮುಗಿದಿರುತ್ತದೆ. ಅತಿ ತಡದ ಸೂರ್ಯೋದಯ ಜನವರಿ 20 ದಾಟಿದ ಮೇಲೆ. ಇವೆರಡರ ನಡುವೆ ಎರಡು ತಿಂಗಳ ಅಂತರ.

ಇದಕ್ಕೆ ಸೂರ್ಯನನ್ನು ದೂರುವಂತಿಲ್ಲ. ತಪ್ಪು, ಅದನ್ನು ತಪ್ಪು ಎನ್ನಬಹುದಾದರೆ, ನಮ್ಮ ಗಡಿಯಾರದ್ದು.

ಗಡಿಯಾರದ ದಿನಕ್ಕೆ 24 ಗಂಟೆ. ಜನವರಿಯಾಗಲಿ ಜುಲೈಯಾಗಲಿ ಅದು ಒಂದು ಸೆಕೆಂಡೂ ಹೆಚ್ಚುಕಡಿಮೆಯಾಗದು. ಸೂರ್ಯನ ದಿನ ಹಾಗಲ್ಲ. ಇವತ್ತು ಸೂರ್ಯ ನೆತ್ತಿಯ ಗೆರೆ ದಾಟಿದ ಹೊತ್ತಿನಿಂದ ನಾಳೆ ಮತ್ತೆ ದಾಟುವ ಹೊತ್ತಿಗೆ ಎಷ್ಟು ಕಾಲವಾಯಿತು ಎಂದು ಅಳೆದರೆ ಡಿಸೆಂಬರ್ ಕೊನೆಯಲ್ಲಿ 24 ಗಂಟೆಯ ಮೇಲೆ 30 ಸೆಕೆಂಡು ಬರುತ್ತದೆ. ಸೆಪ್ಟೆಂಬರ್ ನಡುವೆ 24 ಗಂಟೆಗೆ 21 ಸೆಕೆಂಡು ಕಡಿಮೆ ಬರುತ್ತದೆ. ದಿನಕ್ಕೆ ಅರ್ಧ ನಿಮಿಷ ಏನು ಮಹಾ ಎನ್ನಬೇಡಿ. ಡಿಸೆಂಬರ್, ಜನವರಿಯಲ್ಲಿ ಅದು ದಿನದಿನವೂ ಒಂದರ ಮೇಲೊಂದು ಸೇರಿಕೊಳ್ಳುತ್ತದೆ. ಸೂರ್ಯನ ನಡುಹಗಲು ಗಡಿಯಾರದಲ್ಲಿ ತಡದ ಕಡೆಗೆ ಸರಿಯುತ್ತದೆ, ಅದರ ಜೊತೆ ಸೂರ್ಯೋದಯ, ಸೂರ್ಯಾಸ್ತ ಎರಡೂ ಸರಿಯುತ್ತವೆ. ಹಗಲು ಎರಡೂ ಕಡೆ ಚೂರುಚೂರು ಹಿಗ್ಗುತ್ತಿರುವುದು ನಿಜ. ಆದರೆ ಇಡೀ ಹಗಲೇ ಅದಕ್ಕಿಂತ ಜೋರಾಗಿ ತಡದ ಕಡೆಗೆ ಜಾರುತ್ತಿರುವಾಗ ಬೆಳಗಿನ ತುದಿಗೆ ಆ ಹಿಗ್ಗು ದಕ್ಕುವುದಿಲ್ಲ.

ಸೂರ್ಯನ ದಿನ ಯಾಕೆ ಹೀಗೆ ಹಿಗ್ಗಿ ಕುಗ್ಗುತ್ತದೆ? ಭೂಮಿ ನಕ್ಷತ್ರಗಳ ಲೆಕ್ಕದಲ್ಲಿ ಒಂದು ಸುತ್ತು ತಿರುಗಲು ತೆಗೆದುಕೊಳ್ಳುವುದು 23 ಗಂಟೆ 56 ನಿಮಿಷ 4 ಸೆಕೆಂಡು. ಅಷ್ಟರಲ್ಲಿ ಅದು ತನ್ನ ಕಕ್ಷೆಯಲ್ಲಿ ಹೆಚ್ಚುಕಡಿಮೆ ಒಂದು ಡಿಗ್ರಿ ಮುಂದೆ ಹೋಗಿರುತ್ತದೆ. ಆದ್ದರಿಂದ ಅದೇ ಊರು ಮತ್ತೆ ಸೂರ್ಯನಿಗೆ ನೇರವಾಗಿ ಬರಬೇಕಾದರೆ ಭೂಮಿ ಇನ್ನೊಂದು ನಾಲ್ಕು ನಿಮಿಷ ತಿರುಗಬೇಕು. ಈ ಹೆಚ್ಚುವರಿ ನಾಲ್ಕು ನಿಮಿಷ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಭೂಮಿಯ ಕಕ್ಷೆ ಪೂರ್ತಿ ದುಂಡಗಿಲ್ಲ, ತುಸು ಮೊಟ್ಟೆಯಾಕಾರ. ಸೂರ್ಯನಿಗೆ ಹತ್ತಿರವಿದ್ದಾಗ ಗ್ರಹ ಚುರುಕಾಗಿ ಓಡುತ್ತದೆ, ದೂರವಿದ್ದಾಗ ನಿಧಾನವಾಗುತ್ತದೆ ಎಂದು ಕೆಪ್ಲರ್ 1609ರಲ್ಲೇ ಬರೆದಿಟ್ಟ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಯಾವಾಗ ಗೊತ್ತೆ? ಜನವರಿಯ ಮೊದಲ ವಾರದಲ್ಲಿ, ನಾವು ಸ್ವೆಟರ್ ಹುಡುಕುವ ಹೊತ್ತಿನಲ್ಲಿ. ಆಗ ದೂರ 14.7 ಕೋಟಿ ಕಿಲೋಮೀಟರ್. ಜುಲೈ ಮೊದಲ ವಾರದಲ್ಲಿ 15.2 ಕೋಟಿ. ಜನವರಿಯಲ್ಲಿ ಭೂಮಿಗೆ ಬೀಳುವ ಬಿಸಿಲು ಜುಲೈಗಿಂತ ಶೇಕಡಾ 7ರಷ್ಟು ಹೆಚ್ಚು. ಚಳಿಗಾಲ ಎಂದರೆ ಸೂರ್ಯ ದೂರ ಹೋದ ಕಾಲ ಎಂದು ಈಗಲೂ ನಂಬಿರುವವರಿಗೆ ಕೊಡಬಹುದಾದ ಒಳ್ಳೆಯ ಉತ್ತರ ಇದು.

ಇನ್ನೊಂದು ಕಾರಣ ಭೂಮಿಯ ಅಕ್ಷದ 23.4 ಡಿಗ್ರಿ ಓರೆ. ಡಿಸೆಂಬರ್ ತಿಂಗಳಿಗೆ ಇದರ ಪಾಲೇ ದೊಡ್ಡದು. ಭೂಪಟದ ಗೋಳ ಮನೆಯಲ್ಲಿದ್ದರೆ ನೋಡಿ: ಸಮಭಾಜಕದಿಂದ ಮೇಲಕ್ಕೋ ಕೆಳಕ್ಕೋ ಹೋದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಆಕಾಶದಲ್ಲೂ ಇಂಥವೇ ಗೆರೆಗಳನ್ನು ಎಳೆದುಕೊಂಡಿದ್ದೇವೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣದ ಕೊನೆಯಲ್ಲಿ, ಗೆರೆಗಳು ಒತ್ತಾಗಿರುವ ಕಡೆ, ನೇರ ಪೂರ್ವಕ್ಕೆ ಸರಿಯುತ್ತಿರುತ್ತಾನೆ. ಅದೇ ಹೆಜ್ಜೆಗೆ ಹೆಚ್ಚು ಗೆರೆ ದಾಟುತ್ತಾನೆ. ಭೂಮಿ ಅವನನ್ನು ಹಿಡಿಯಲು ಅಷ್ಟು ಹೆಚ್ಚು ತಿರುಗಬೇಕು. ಓರೆಯ ಲೆಕ್ಕವೂ ಓಟದ ಲೆಕ್ಕವೂ ಒಂದೇ ಕಾಲಕ್ಕೆ ಒಂದೇ ದಿಕ್ಕಿಗೆ ಎಳೆಯುವುದರಿಂದ ಡಿಸೆಂಬರ್ ಕೊನೆಯ ದಿನಗಳು ವರ್ಷದಲ್ಲೇ ಅತಿ ಉದ್ದದ ದಿನಗಳು. ಹಗಲು ಚಿಕ್ಕದು, ಆದರೆ ಹಗಲುರಾತ್ರಿ ಸೇರಿದ ದಿನ ದೊಡ್ಡದು.

ಇದನ್ನು ಪರೀಕ್ಷಿಸಲು ದೂರದರ್ಶಕ ಬೇಡ. ಸಂಕ್ರಾಂತಿಯ ವಾರದಲ್ಲಿ ತಾರಸಿಯ ಮೇಲೆ ಒಂದು ನೆಟ್ಟಗಿನ ಕೋಲು ನಿಲ್ಲಿಸಿ, ಅದರ ನೆರಳು ಯಾವಾಗ ಅತಿ ಚಿಕ್ಕದಾಗುತ್ತದೆ ನೋಡಿ. ಹನ್ನೆರಡಕ್ಕೆ ಆಗುವುದಿಲ್ಲ. ಬೆಂಗಳೂರಿನಲ್ಲಿ ಅದು 12 ಗಂಟೆ 29 ನಿಮಿಷದ ಹೊತ್ತಿಗೆ. ಇದರಲ್ಲಿ ಇಪ್ಪತ್ತು ನಿಮಿಷದಷ್ಟು ಸರ್ಕಾರಿ ಲೆಕ್ಕ. ಭಾರತದ ಗಡಿಯಾರವನ್ನು 1906ರಿಂದ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದಾರೆ, ಬೆಂಗಳೂರು ಅದಕ್ಕಿಂತ ಪಶ್ಚಿಮಕ್ಕಿದೆ. ಉಳಿದ ಒಂಬತ್ತು ನಿಮಿಷ ಭೂಮಿಯ ಓಟದ್ದು ಮತ್ತು ಓರೆಯದ್ದು. ಊರು ಉತ್ತರಕ್ಕೆ ಹೋದಂತೆ ಹಗಲಿನ ಹಿಗ್ಗು ಜೋರಾಗುವುದರಿಂದ ಸೂರ್ಯೋದಯ ಬೇಗ ತಿರುಗಿಕೊಳ್ಳುತ್ತದೆ. ದೆಹಲಿಯಲ್ಲಿ ಜನವರಿಯ ಎರಡನೇ ವಾರಕ್ಕೇ ಅತಿ ತಡದ ಬೆಳಗು ಬಂದುಹೋಗುತ್ತದೆ, ಲಂಡನ್ನಿನಲ್ಲಿ ಹೊಸ ವರ್ಷದ ಆಸುಪಾಸಿಗೆ. ಕ್ರಿಸ್‌ಮಸ್ ರಜೆ ಮುಗಿಸಿ ಅಲ್ಲಿ ಆಫೀಸಿಗೆ ಹೊರಡುವ ನಮ್ಮವರಿಗೆ ಬೆಳಗು ಆಗಲೇ ಬೇಗ ಬರತೊಡಗಿರುತ್ತದೆ. ಬೆಂಗಳೂರಿನವರು ಇನ್ನೂ ಕಾಯಬೇಕು.

ಇಷ್ಟು ಹೇಳಿದ ಮೇಲೆ ಸಂಕ್ರಾಂತಿಯನ್ನೇ ಕೇಳಬೇಕಾಗುತ್ತದೆ. ಸೂರ್ಯ ಉತ್ತರಕ್ಕೆ ತಿರುಗಿದ್ದು ಡಿಸೆಂಬರ್ 21–22ಕ್ಕೆ. ನಾವು ಹಬ್ಬ ಮಾಡುವುದು ಜನವರಿ 14–15ಕ್ಕೆ. ಮೂರು ವಾರಕ್ಕೂ ಹೆಚ್ಚು ತಡ. ನಮ್ಮ ಪಂಚಾಂಗ ಸೂರ್ಯನನ್ನು ನಕ್ಷತ್ರಗಳ ಹಿನ್ನೆಲೆಯಲ್ಲಿ ನೋಡುತ್ತದೆ. ಅವನು ಮಕರ ರಾಶಿಗೆ ಕಾಲಿಟ್ಟ ದಿನ ಸಂಕ್ರಾಂತಿ. ಆದರೆ ಭೂಮಿಯ ಅಕ್ಷ ಸುಮಾರು 25,800 ವರ್ಷಕ್ಕೊಮ್ಮೆ ತಾನೂ ಒಂದು ಸುತ್ತು ತಿರುಗುವುದರಿಂದ ಋತುಗಳು ನಕ್ಷತ್ರಗಳಿಂದ ಮೆಲ್ಲನೆ ಬಿಡಿಸಿಕೊಳ್ಳುತ್ತವೆ. ನಕ್ಷತ್ರದ ವರ್ಷ ಋತುವಿನ ವರ್ಷಕ್ಕಿಂತ 20 ನಿಮಿಷ ಉದ್ದ. ಎಪ್ಪತ್ತು ವರ್ಷಕ್ಕೆ ಅದು ಒಂದು ದಿನವಾಗುತ್ತದೆ. ಲೆಕ್ಕ ಹಿಂದಕ್ಕೆ ಹಾಕಿದರೆ ಸುಮಾರು 1,700 ವರ್ಷಗಳ ಹಿಂದೆ ಮಕರ ಸಂಕ್ರಾಂತಿಯೂ ಸೂರ್ಯನ ನಿಜವಾದ ತಿರುವೂ ಒಂದೇ ದಿನ ಬೀಳುತ್ತಿದ್ದವು. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಸಂಕ್ರಾಂತಿಯ ದಿನ. ಈಗ ಅದು 14, 15ಕ್ಕೆ ಬಂದಿದೆ. ಇನ್ನೊಂದು ಸಾವಿರ ವರ್ಷ ಕಳೆದರೆ ಜನವರಿ ಕೊನೆಗೆ ಹೋಗುತ್ತದೆ. ಎಳ್ಳುಬೆಲ್ಲದ ಅಂಗಡಿಯವರಿಗೆ ಇದರಿಂದ ಚಿಂತೆಯೇನೂ ಇಲ್ಲ.

ಗವಿಪುರದ ಗುಡಿಯಲ್ಲಿ ಈ ಎರಡು ಲೆಕ್ಕಗಳೂ ಕಲ್ಲಿನ ಮೇಲೆ ಸೇರುತ್ತವೆ. ಸಂಕ್ರಾಂತಿಯ ಸಂಜೆ ಇಳಿಬಿಸಿಲು ಹೊರಗಿನಿಂದ ನುಸುಳಿ, ನಂದಿಯ ಕೊಂಬುಗಳ ನಡುವೆ ಹಾದು, ಗವಿಯೊಳಗಿನ ಲಿಂಗದ ಮೇಲೆ ಬೀಳುತ್ತದೆ. ಅದನ್ನು ನೋಡಲೆಂದೇ ಅಷ್ಟು ಜನ. ಆದರೆ ಸೂರ್ಯ ಡಿಸೆಂಬರ್ 21ರ ಆಚೆಈಚೆ ಒಂದೇ ದಾರಿಯಲ್ಲಿ ಹೋಗಿಬರುವವನು. ಜನವರಿ 15ರ ದಾರಿಯಲ್ಲೇ ಅವನು ನವೆಂಬರ್ ಕೊನೆಯ ವಾರದಲ್ಲೂ ಹಾದಿರುತ್ತಾನೆ, ಆಗಲೂ ಬಿಸಿಲು ಒಳಗೆ ಬಂದಿರುತ್ತದೆ. ನೆಹರೂ ತಾರಾಲಯದ ಬಿ. ಎಸ್. ಶೈಲಜಾ ಮತ್ತು ಸಂಗಡಿಗರು ಈ ಗುಡಿಯ ಬೆಳಕನ್ನು ಅಳೆದು 2008ರಲ್ಲಿ ಪ್ರಕಟಿಸಿದ್ದಾರೆ. ಒಂದು ವ್ಯತ್ಯಾಸವಿದೆ: ನವೆಂಬರಿನಲ್ಲಿ ಸೂರ್ಯ ಅದೇ ಜಾಗಕ್ಕೆ ಬರುವುದು ಗಡಿಯಾರದಲ್ಲಿ ಸುಮಾರು 21 ನಿಮಿಷ ಮೊದಲು. ಕಲ್ಲಿಗೆ ಎರಡೂ ಒಂದೇ. ಗಡಿಯಾರ ನೋಡಿಕೊಂಡು ಹೋದವರಿಗೆ ಮಾತ್ರ ತಪ್ಪಿಹೋಗುತ್ತದೆ. ಹಬ್ಬವಿಲ್ಲದ ಆ ಸಂಜೆ ಗುಡಿಯಲ್ಲಿ ನೂಕುನುಗ್ಗಲೂ ಇರುವುದಿಲ್ಲ ಎಂಬುದು ನನ್ನ ಕಡೆಯಿಂದ ಒಂದು ಸಲಹೆ.

ಸೂರ್ಯ ಅಂತೂ ಹುಟ್ಟಿದ. ಚಳಿ ಬಿಟ್ಟಿತೆ? ಇಲ್ಲ, ಹೆಚ್ಚಾಯಿತು. ರಾತ್ರಿಯೆಲ್ಲ ಥರ್ಮಾಮೀಟರ್ ಇಟ್ಟು ನೋಡಿದರೆ ಕನಿಷ್ಠ ಉಷ್ಣತೆ ನಡುರಾತ್ರಿಗೂ ಬರುವುದಿಲ್ಲ, ನಾಲ್ಕು ಗಂಟೆಗೂ ಇಲ್ಲ; ಸೂರ್ಯ ಮೂಡಿದ ಸ್ವಲ್ಪ ಹೊತ್ತಿಗೆ ಬರುತ್ತದೆ. ನೆಲ ರಾತ್ರಿಯಿಡೀ ಶಾಖವನ್ನು ಖರ್ಚು ಮಾಡುತ್ತಲೇ ಇರುತ್ತದೆ. ಬೆಳಗಿನ ಮೊದಲ ಓರೆಬಿಸಿಲು ತರುವ ವರಮಾನ ಚಿಲ್ಲರೆ ಕಾಸು. ವರಮಾನ ಖರ್ಚನ್ನು ಮೀರುವ ತನಕ ಗಂಟಿನಿಂದಲೇ ತೆಗೆದು ಕೊಡಬೇಕು, ಗಂಟು ಕರಗುತ್ತಲೇ ಹೋಗುತ್ತದೆ. ಹಾಲು ತರಲು ಹೋದವರು ಬಿಸಿಲು ಬಂದ ಮೇಲೆ ಚಳಿ ಜಾಸ್ತಿಯಾಯಿತು ಎಂದರೆ ನಗಬೇಡಿ.

ಈ ಖರ್ಚು ಹೋಗುವುದು ಎಲ್ಲಿಗೆ ಎನ್ನುವುದನ್ನು ಮನೆಯ ಮುಂದೆ ನಿಂತ ಎರಡು ಸ್ಕೂಟರುಗಳು ಹೇಳುತ್ತವೆ. ಒಂದು ಬಯಲಲ್ಲಿ ನಿಂತಿದೆ. ಅದರ ಸೀಟಿನ ತುಂಬ ಇಬ್ಬನಿ. ಬೆರಳಲ್ಲಿ ಗೆರೆ ಎಳೆದರೆ ನೀರು ಒಟ್ಟುಗೂಡಿ ಅಂಚಿನಿಂದ ತೊಟ್ಟಿಕ್ಕುತ್ತದೆ. ಇನ್ನೊಂದು ನಾಲ್ಕು ಅಡಿ ಆಚೆ, ಹೊಂಗೆ ಮರದ ಕೆಳಗೆ. ಅದರ ಸೀಟು ಒಣಗಿದೆ. ಒಂದೇ ಗಾಳಿ, ಒಂದೇ ತೇವ, ಒಂದೇ ರಾತ್ರಿ. ಇಬ್ಬನಿ ಮೇಲಿನಿಂದ ಉದುರುತ್ತದೆ, ಮರ ಅದನ್ನು ಕೊಡೆಯ ಹಾಗೆ ತಡೆಯಿತು ಎಂದುಕೊಂಡರೆ ಎಲ್ಲ ಸರಿಹೋದಂತೆ ಕಾಣುತ್ತದೆ. ಶತಮಾನಗಳ ಕಾಲ ಹಾಗೇ ಎಂದುಕೊಂಡಿದ್ದರು. ಕೆಲವರು ಅದು ನೆಲದಿಂದ ಮೇಲೇಳುತ್ತದೆ ಎಂದು ವಾದಿಸುತ್ತಿದ್ದರು.

ಈ ಜಗಳ ಮುಗಿಸಿದವರು ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ಲಂಡನ್ನಿನ ವೈದ್ಯ. ಉಣ್ಣೆಯ ಚಿಕ್ಕ ಉಂಡೆಗಳನ್ನು ತೂಗಿ, ಸಂಜೆ ತೋಟದಲ್ಲಿ ಒಂದೊಂದು ಕಡೆ ಇಟ್ಟು, ಮತ್ತೆ ತೂಗುತ್ತಿದ್ದರು. ಹಲಗೆಯ ಮೇಲಿಟ್ಟ ಉಂಡೆ ಒದ್ದೆಯಾದಷ್ಟು ಹಲಗೆಯ ಕೆಳಗೆ ಕಟ್ಟಿದ್ದು ಆಗುತ್ತಿರಲಿಲ್ಲ. ಮೋಡ ಕವಿದ ರಾತ್ರಿ ಬಯಲಲ್ಲಿಟ್ಟದ್ದೂ ಹೆಚ್ಚು ಒದ್ದೆಯಾಗುತ್ತಿರಲಿಲ್ಲ. ಜೊತೆಗೆ ಥರ್ಮಾಮೀಟರ್ ಇಟ್ಟು ನೋಡಿದಾಗ ವಿಷಯ ಹೊರಬಂತು: ವಸ್ತು ಮೊದಲು ಸುತ್ತಲ ಗಾಳಿಗಿಂತ ತಣ್ಣಗಾಗುತ್ತದೆ, ಇಬ್ಬನಿ ಆಮೇಲೆ ಬರುತ್ತದೆ. ತಣ್ಣಗಾಗುವುದು ಆಕಾಶಕ್ಕೆ ಶಾಖ ಚೆಲ್ಲಿ. 1814ರಲ್ಲಿ ಪ್ರಕಟವಾದ ಅವರ ಇಬ್ಬನಿಯ ಪ್ರಬಂಧ ಇಂದಿಗೂ ಓದಬೇಕಾದ ಬರಹ. ಒಂದು ಉಣ್ಣೆಯುಂಡೆ, ಒಂದು ತಕ್ಕಡಿಯಿಂದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನೆಲ, ಸ್ಕೂಟರು, ನಾವು ಎಲ್ಲರೂ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಸದಾ ಹೊಮ್ಮಿಸುತ್ತಿರುತ್ತೇವೆ. ಮರದ ಎಲೆಗಳೂ ಹೆಚ್ಚುಕಡಿಮೆ ಅಷ್ಟೇ ಬೆಚ್ಚಗಿರುವುದರಿಂದ ಹೊಂಗೆಯ ಕೆಳಗಿನ ಸೀಟು ಎಷ್ಟು ಕೊಡುತ್ತದೋ ಅಷ್ಟನ್ನು ಮೇಲಿನಿಂದ ಪಡೆಯುತ್ತದೆ. ಬಯಲಿನ ಸೀಟಿಗೆ ಮೇಲಿರುವುದು ಜನವರಿಯ ಒಣ, ತಿಳಿ ಆಕಾಶ. ಗಾಳಿಯಲ್ಲಿರುವ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಈ ಕಿರಣಗಳಲ್ಲಿ ಬಹುಪಾಲನ್ನು ಹಿಡಿದು ವಾಪಸು ಕಳಿಸುತ್ತವೆ. ಆದರೆ 8ರಿಂದ 13 ಮೈಕ್ರೋಮೀಟರ್ ಅಲೆಯುದ್ದದ ಕಿರಣಗಳಿಗೆ ಅವು ಅಷ್ಟಾಗಿ ಅಡ್ಡ ಬರುವುದಿಲ್ಲ. ನೀರಾವಿ ಕಡಿಮೆಯಿದ್ದಷ್ಟೂ ಆ ಕಿಟಕಿ ಹೆಚ್ಚು ತೆರೆದಿರುತ್ತದೆ. ನಮ್ಮ ಅಂಗಳದ ಶಾಖ ಆ ದಾರಿಯಲ್ಲಿ ನೇರ ಬಾಹ್ಯಾಕಾಶಕ್ಕೆ ಹೋಗುತ್ತದೆ. ಬೆಂಗಳೂರಿನ ಅತಿ ಚಳಿಯ ದಾಖಲೆ, 7.8 ಡಿಗ್ರಿ, 1884ರ ಜನವರಿಯದು.

ವೆಲ್ಸ್ ತಮ್ಮ ವಾದಕ್ಕೆ ಸಾಕ್ಷಿಯಾಗಿ ನಮ್ಮ ದೇಶದ ಒಂದು ಕಸುಬನ್ನೂ ಕರೆದರು. ಅಲಹಾಬಾದಿನ ಸುತ್ತ ಚಳಿಗಾಲದಲ್ಲಿ ಬಯಲಿನಲ್ಲಿ ಎರಡಡಿ ಆಳದ ಹಳ್ಳ ತೋಡಿ, ಒಣಗಿದ ಕಬ್ಬಿನ ದಂಟು ಹಾಸಿ, ಅದರ ಮೇಲೆ ಮಣ್ಣಿನ ಚಿಕ್ಕ ತಟ್ಟೆಗಳಲ್ಲಿ ನೀರಿಟ್ಟು ರಾತ್ರಿ ಬಿಡುತ್ತಿದ್ದರು. ಸೂರ್ಯ ಮೂಡುವ ಮೊದಲು ಹೋದರೆ ಮಂಜುಗಡ್ಡೆ. ಗಾಳಿಯ ಉಷ್ಣತೆ ಸೊನ್ನೆಗೆ ಇಳಿಯದಿದ್ದರೂ ನೀರು ಹೆಪ್ಪುಗಟ್ಟುತ್ತಿತ್ತು. ರಾಬರ್ಟ್ ಬಾರ್ಕರ್ ಎಂಬ ಸೇನಾಧಿಕಾರಿ 1775ರಲ್ಲೇ ಇದನ್ನು ರಾಯಲ್ ಸೊಸೈಟಿಗೆ ಬರೆದು ತಿಳಿಸಿದ್ದ. ಕೆಳಗಿನ ದಂಟು ನೆಲದ ಬಿಸಿ ತಟ್ಟೆಗೆ ತಲುಪದಂತೆ ತಡೆಯುತ್ತದೆ, ಮೇಲಿನ ಆಕಾಶ ತಟ್ಟೆಯ ಶಾಖವನ್ನು ಎಳೆದುಕೊಳ್ಳುತ್ತದೆ ಎಂಬುದು ವೆಲ್ಸ್ ಕೊಟ್ಟ ವಿವರಣೆ. ಆ ಕೆಲಸಗಾರರಿಗೆ ವಿವರಣೆಯ ಅಗತ್ಯ ಇದ್ದಂತಿಲ್ಲ; ಮೋಡವಿದ್ದ ರಾತ್ರಿ ಸುಮ್ಮನೆ ತಟ್ಟೆ ಹೂಡಬಾರದು ಎಂಬುದು ಅವರಿಗೆ ಗೊತ್ತಿರಲೇಬೇಕು.

ನೆಲ ತಣ್ಣಗಾದರೆ ಅದಕ್ಕೆ ತಗಲಿದ ಗಾಳಿಯೂ ತಣ್ಣಗಾಗಿ ಅಲ್ಲೇ ಕೂರುತ್ತದೆ. ಮೇಲಿನ ಗಾಳಿ ಅದಕ್ಕಿಂತ ಬೆಚ್ಚಗೆ. ಮಾಮೂಲಿಯಾಗಿ ಮೇಲೆ ಹೋದಂತೆ ತಂಪಾಗಬೇಕಾದ ಗಾಳಿ ಚಳಿಗಾಲದ ಬೆಳಗಿನಲ್ಲಿ ತಲೆಕೆಳಗಾಗಿರುತ್ತದೆ. ಇದರ ಗುರುತು ಹೊಗೆ. ಒಲೆ ಹಚ್ಚಿ ಹಂಡೆ ಕಾಯಿಸುವ ಮನೆಗಳು ಊರ ಕಡೆ ಇನ್ನೂ ಇವೆ. ಅಲ್ಲಿ ಬಚ್ಚಲ ಹೊಗೆ ಹೆಂಚಿನ ಮೇಲೆ ಒಂದಷ್ಟು ಎದ್ದು, ಆಮೇಲೆ ಮೇಲೇಳಲು ಆಗದೆ ಅಡ್ಡಡ್ಡಲಾಗಿ ಹರಡಿಕೊಳ್ಳುತ್ತದೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಮಂಜು ನೆಲ ಹಿಡಿದು ಬೆಳಗಿನ ವಿಮಾನಗಳು ತಡವಾಗುವುದೂ ಇಂಥ ಬೆಳಗುಗಳಲ್ಲೇ.

ಈ ತಲೆಕೆಳಗಾದ ಗಾಳಿಗೂ ಮನೆಯ ಮೌನಕ್ಕೂ ಸಂಬಂಧವಿದೆ. ಮೌನಕ್ಕೆ ಒಂದು ಸರಳ ಕಾರಣ ಫ್ಯಾನು. ವರ್ಷದ ಒಂಬತ್ತು ತಿಂಗಳು ಹಗಲುರಾತ್ರಿ ತಿರುಗುವ ಫ್ಯಾನು ನಿಂತಾಗಲೇ ಅದು ಎಷ್ಟು ಸದ್ದು ಮಾಡುತ್ತಿತ್ತು ಎಂದು ತಿಳಿಯುವುದು. ಕೋಣೆ ತಂಪಾಗಿರುವುದರಿಂದ ಫ್ರಿಜ್ಜಿನ ಕಂಪ್ರೆಸರೂ ಆಗಾಗ ಮಾತ್ರ ಗುರುಗುಡುತ್ತದೆ. ಮನೆಯ ಸದ್ದು ಅಡಗಿತೆಂದರೆ ದೂರದ ಸದ್ದು ಒಳಗೆ ಬರುತ್ತದೆ: ಮೈಸೂರು ಕಡೆಯ ರೈಲಿನ ಕೂಗು, ಯಾವುದೋ ಮಸೀದಿಯ ಆಜಾನ್, ಇನ್ಯಾವುದೋ ಗುಡಿಯ ಗಂಟೆ. ಹಗಲು ಹೊತ್ತು ಎಷ್ಟೇ ಕಿವಿಗೊಟ್ಟರೂ ಇವು ಕೇಳಿಸುವುದಿಲ್ಲ. ಬೇರೆ ಸದ್ದು ಇಲ್ಲದಿರುವುದಷ್ಟೇ ಕಾರಣವಲ್ಲ. ಶಬ್ದ ಬೆಚ್ಚನೆಯ ಗಾಳಿಯಲ್ಲಿ ವೇಗವಾಗಿ ಹೋಗುತ್ತದೆ. ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್, ಅಲ್ಲಿಂದ ಒಂದೊಂದು ಡಿಗ್ರಿಗೂ 0.6 ಮೀಟರ್ ಹೆಚ್ಚು. ಮಧ್ಯಾಹ್ನ ನೆಲದ ಬಳಿ ಗಾಳಿ ಬಿಸಿ. ಅಲೆಯ ಕೆಳತುದಿ ಮುಂದೆ ಓಡಿ, ಇಡೀ ಅಲೆ ಮೇಲಕ್ಕೆ ಬಾಗುತ್ತದೆ, ರೈಲಿನ ಕೂಗು ನಮ್ಮ ತಲೆಯ ಮೇಲಿಂದ ಹಾದುಹೋಗುತ್ತದೆ. ಬೆಳಿಗ್ಗೆ ಬೆಚ್ಚಗಿರುವುದು ಮೇಲಿನ ಗಾಳಿ. ಅಲೆ ಕೆಳಕ್ಕೆ ಬಾಗಿ ಮನೆಗಳ ಮೇಲಿಳಿಯುತ್ತದೆ. ಒಂಬತ್ತು, ಹತ್ತು ಗಂಟೆಗೆ ಬಿಸಿಲಿಗೆ ನೆಲ ಕಾದು ಗಾಳಿ ಕಲಕಿತೆಂದರೆ ರೈಲು ಕೇಳಿಸುವುದು ನಿಲ್ಲುತ್ತದೆ.

ಒಳಗೆ, ಬಚ್ಚಲ ಗೂಡಿನಲ್ಲಿರುವ ಕೊಬ್ಬರಿ ಎಣ್ಣೆಯ ಶೀಷೆ ಗಟ್ಟಿಯಾಗಿದೆ. ಕೊಬ್ಬರಿ ಎಣ್ಣೆ ಕರಗುವುದು 24 ಡಿಗ್ರಿಯ ಸುಮಾರಿಗೆ, ಆದ್ದರಿಂದ ಅದು ಬೆಂಗಳೂರಿನವರ ಪಾಲಿಗೆ ಪುಕ್ಕಟೆಯ ಥರ್ಮಾಮೀಟರು. ಸೇಂಗಾ ಎಣ್ಣೆ, ಎಳ್ಳೆಣ್ಣೆ ಇದೇ ಚಳಿಗೆ ಜಗ್ಗುವುದಿಲ್ಲ. ಅವುಗಳ ಕೊಬ್ಬಿನ ಸರಪಳಿಗಳು ನಡುನಡುವೆ ಸೊಟ್ಟಗಿರುವುದರಿಂದ ಒಂದರ ಪಕ್ಕ ಒಂದು ಒತ್ತಾಗಿ ಕೂರಲಾರವು. ಕೊಬ್ಬರಿ ಎಣ್ಣೆಯವು ನೇರ. ಮುಚ್ಚಳ ತೆಗೆದು ಮೇಲಿನಿಂದ ನೋಡಿದರೆ ನಡುವೆ ಒಂದು ಗುಳಿ ಬಿದ್ದಿರುತ್ತದೆ, ಯಾರೋ ಬೆರಳಿಟ್ಟು ತೆಗೆದಂತೆ. ಯಾರೂ ತೆಗೆದದ್ದಲ್ಲ. ಗಟ್ಟಿಯಾಗುವಾಗ ಎಣ್ಣೆ ಕುಗ್ಗುತ್ತದೆ. ಅಂಚು ಮೊದಲು ಗಟ್ಟಿಯಾಗಿ, ನಡುವಿನದು ಕೊನೆಗೆ ಕುಗ್ಗಿ ತಗ್ಗುತ್ತದೆ. ಶೀಷೆಯನ್ನು ಕಿಟಕಿಯ ಬಿಸಿಲಿಗಿಟ್ಟರೆ ಗೋಡೆಗಂಟಿದ ಭಾಗ ಮೊದಲು ತಿಳಿಯಾಗುತ್ತದೆ, ಬಿಳಿಯ ಉಂಡೆ ಕಳಚಿಕೊಂಡು ತಳಕ್ಕೆ ಕೂರುತ್ತದೆ. ಮಂಜುಗಡ್ಡೆ ನೀರಿನಲ್ಲಿ ತೇಲುವುದನ್ನು ನೋಡಿ ಬೆಳೆದ ಕಣ್ಣಿಗೆ ಇದು ವಿಚಿತ್ರವಾಗಿ ಕಾಣಬಹುದು. ನಿಜಕ್ಕೂ ವಿಚಿತ್ರ ನೀರಿನದು. ಬಹುತೇಕ ಎಲ್ಲ ವಸ್ತುಗಳೂ ಎಣ್ಣೆಯಂತೆಯೇ ಮುಳುಗುತ್ತವೆ.

ರಾತ್ರಿ ಹೆಪ್ಪು ಹಾಕಿದ ಮೊಸರೂ ಇನ್ನೂ ಹಾಲಿನಂತೇ ಇದೆ. ಹೆಪ್ಪಿನೊಳಗಿನ ಬ್ಯಾಕ್ಟೀರಿಯಾಗಳು 30ರಿಂದ 40 ಡಿಗ್ರಿಯ ನಡುವೆ ಚುರುಕು, 18 ಡಿಗ್ರಿಯ ಅಡುಗೆಮನೆಯಲ್ಲಿ ಅವಕ್ಕೂ ಏಳಲು ಮನಸ್ಸಿಲ್ಲ. ಅಜ್ಜಿಯಂದಿರು ಪಾತ್ರೆಯನ್ನು ಅಕ್ಕಿ ಡಬ್ಬಿಯೊಳಗೆ ಹೂತಿಡುತ್ತಿದ್ದುದು ಇದಕ್ಕೇ. ಅಕ್ಕಿ ಬಿಸಿ ಕೊಡುವುದಿಲ್ಲ, ಕಾಳುಗಳ ನಡುವೆ ಸಿಕ್ಕಿಕೊಂಡ ಗಾಳಿ ಉಗುರುಬೆಚ್ಚಗಿನ ಹಾಲಿನ ಬಿಸಿಯನ್ನು ಹೊರಬಿಡುವುದಿಲ್ಲ.

ಇನ್ನು ಉಳಿದದ್ದು ಕುರ್ಚಿಯ ಮೇಲಿನ ರಗ್ಗು, ದುಪಟಿಗಳು. ಇವನ್ನು ಒಗೆದು ಹಾಕಲು ಇದಕ್ಕಿಂತ ಒಳ್ಳೆಯ ದಿನವಿಲ್ಲ, ಬೆಳಗಿನ ಇಬ್ಬನಿ ನೋಡಿ ಹಿಂಜರಿಯಬೇಕಾಗಿಲ್ಲ. 15 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಹೆಚ್ಚೆಂದರೆ 13 ಗ್ರಾಂ. ಬೆಳಿಗ್ಗೆ ಅಷ್ಟೂ ತುಂಬಿರುವುದರಿಂದಲೇ ಸ್ಕೂಟರಿನ ಸೀಟು ಒದ್ದೆ. ಅದೇ ಗಾಳಿ ಮಧ್ಯಾಹ್ನ 27 ಡಿಗ್ರಿಗೆ ಏರಿದಾಗ 26 ಗ್ರಾಂ ಹಿಡಿಯಬಲ್ಲದು. ಒಳಗಿರುವುದು ಮಾತ್ರ ಬೆಳಗಿನ 13 ಗ್ರಾಂ. ಅರ್ಧ ಖಾಲಿಯಾದ ಆ ಗಾಳಿ ಸಿಕ್ಕಲ್ಲಿಂದ ನೀರು ಹೀರುತ್ತದೆ, ನಮ್ಮ ತುಟಿಯಿಂದಲೂ, ಹಿಮ್ಮಡಿಯಿಂದಲೂ. ಬೆಳಿಗ್ಗೆ ಅಂಗಳ ತೊಯ್ದಿದ್ದ ದಿನವೇ ಮಧ್ಯಾಹ್ನ ತುಟಿ ಒಡೆಯುವುದು ಹೀಗೆ. ಬೆಂಗಳೂರಿನ ಜುಲೈ ಮಧ್ಯಾಹ್ನವೂ 27–28 ಡಿಗ್ರಿಯದೇ, ಜನವರಿಗಿಂತ ತಂಪೇನಲ್ಲ. ಆದರೆ ಆಗ ಮೋಡದ ಕೆಳಗಿನ ಗಾಳಿಯಲ್ಲಿ 16 ಗ್ರಾಮಿನಷ್ಟು ನೀರು ಮೊದಲೇ ಕೂತಿರುತ್ತದೆ, ಮಳೆ ನಿಂತರೂ ದಪ್ಪ ರಗ್ಗು ಎರಡು ದಿನ ಹಗ್ಗದ ಮೇಲೇ ಇರುತ್ತದೆ. ಇವತ್ತು ಹತ್ತಕ್ಕೆ ಹಾಕಿದ್ದನ್ನು ನಾಲ್ಕಕ್ಕೆ ಮಡಚಿಡಬಹುದು. ಆರರವರೆಗೆ ಬಿಟ್ಟರೆ ಆಕಾಶ ಮತ್ತೆ ಕೆಲಸ ಶುರುಮಾಡುತ್ತದೆ.